ಇವರು ಕುಡಿಯೋದು ಬಿಟ್ಟಿದ್ದು ನಿಜವಾ?

ಮಾವ,

ಫೋನ್ ಮನೆಯಲ್ಲೇ ಬಿಟ್ಟು ಮೀನಿಗೆ ಹೋಗಿದ್ದೀರಿ, ಅದಕ್ಕೇ ಈ ಚೀಟಿ. ಬಟ್ಟೆ ಬದಲಿಸೋ ಮೊದಲು ಓದಿ.

ನಿಮ್ಮ ಮಗ ಖಾಯ್ ಅವರನ್ನ ಆಸ್ಪತ್ರೆಗೆ ಸೇರಿಸಿದ್ದೀನಿ. ಹೊದಿಕೆ ತಗೊಂಡು ಹೋಗೋಕೆ ಬಂದಿದ್ದೆ, ಮತ್ತೆ ಓಡ್ತಿದ್ದೀನಿ. ಬೆಳಿಗ್ಗೆ ಡೆಂಗಿ ಜ್ವರ ಇಳೀತು ಅಂತ ಎಲ್ಲರೂ ನಕ್ಕೆವಲ್ಲ, ಆಮೇಲೇ ಶುರುವಾಯ್ತು. ಒಂದೇ ಸಮ ವಾಂತಿ, ಬಲಪಕ್ಕೆ ಹಿಡ್ಕೊಂಡು ನರಳಾಟ. ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿ, "ಲಿವರ್‌ಗೆ ಏಟು ಬಿದ್ದಿದೆ. ಇನ್ನೂ ಕೆಡುತ್ತಾ ಅಂತ ಈಗಲೇ ಅಂದಾಜು ಮಾಡಬೇಕು. ಇವರು ಕುಡೀತಾರಾ? ಲಿವರ್ ಮೊದಲೇ ಸೋತಿದ್ದರೆ ಇಲ್ಲಿ ಕಾಯೋದು ಬೇಡ, ಕಾನ್ ಥೋ ನಗರದ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ" ಅಂದರು.

ನಿಮ್ಮ ಮಗ ನನ್ನ ಮುಖ ನೋಡಿ, "ಹೊಸ ವರ್ಷದ ಟೆಟ್ ಹಬ್ಬದಲ್ಲೇ ಬಿಟ್ಟುಬಿಟ್ಟೆ" ಅಂದರು. ಈಗ ಕೂಗಿ ಕರೆದರೂ ಕಣ್ಣು ಬಿಡ್ತಿಲ್ಲ.

ಬಾತುಕೋಳಿ ಗೂಡಿನ ಹಿಂದೆ ಬಚ್ಚಿಟ್ಟಿರೋ ಸಾರಾಯಿ ಜಾಡಿ ನಾನು ನೋಡಿದ್ದೀನಿ ಮಾವ. ನೀವೊಬ್ಬರೇ ಕುಡೀತಿದ್ರಾ, ಇಬ್ಬರೂನಾ? ಅಷ್ಟು ಹೇಳಿ ಸಾಕು. ಜಗಳ ಆಡಲ್ಲ, ಮಗುವಿನಾಣೆ.

ಮಗು ಪಕ್ಕದ ಮನೇಲಿದೆ. ಒಲೆ ಮೇಲೆ ಗಂಜಿ ಇದೆ. ಅದೆಲ್ಲ ಆಮೇಲೆ, ಮೊದಲು ಫೋನ್ ಮಾಡಿ. ನಾನು ಅಲ್ಲಿಗೆ ಮುಟ್ಟೋ ಹೊತ್ತಿಗೂ ನೀವು ಮಾಡದಿದ್ದರೆ, ಕುಡೀತಾರೆ ಅಂತಲೇ ಡಾಕ್ಟರಮ್ಮನಿಗೆ ಹೇಳಿಬಿಡ್ತೀನಿ. ಸುಳ್ಳಾದರೆ ಆಗಲಿ.

ಅವರು ಉಳಿದು ಮನೆಗೆ ಬರಲಿ ಮಾವ. ಬೇಕಾದರೆ ಇಬ್ಬರೂ ನನ್ನ ಕಣ್ಣೆದುರಿಗೇ ಕೂತು ಕುಡೀರಿ, ಒಣಮೀನು ನಾನೇ ಸುಟ್ಟು ಕೊಡ್ತೀನಿ.

ಲ್ಯೂ