ದಾರ ಹಿಂದಕ್ಕೆ ಹಾರಿದ ಗಳಿಗೆ

ಆಷಾಢದ ಐವತ್ತೊಂದನೆಯ ದಿನ
ಹೂಳುಬಯಲು, ತೆಂಕಣ ದಡ

...ಗಾಳಿಯನ್ನು ದಾಟಿ ಹೋದರೆ ಗಾಳಿ ಎದುರಿನಿಂದ ಬರುತ್ತದೆ ಎಂದೋ ಏನೋ ನೀವು ಹೇಳಿದ ನೆನಪು, ಸ್ಫೂರ್ತಿಯವರೇ. ನಿಮ್ಮನ್ನು ಅಜ್ಜಿ ಎನ್ನಲೋ ಮಗಳೇ ಎನ್ನಲೋ ತಿಳಿಯದು. ನಿಮ್ಮ ಕಾಲದಿಂದ ಉಳಿದುಬಂದ ಈ ಓಡುವ ಚಿತ್ರದಲ್ಲಿ ನಿಮಗೆ ಇಪ್ಪತ್ತು ದಾಟಿಲ್ಲ. ಹುಟ್ಟಿನಲ್ಲಿ ನನಗಿಂತ ಆರು ತಲೆಮಾರು ಹಿರಿಯರು. ನನ್ನ ತಾರೀಖು, ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮಲ್ಲಿ ಗಾಳಿ ನಿಂತ ಮೇಲೆಯೇ ಆಷಾಢ ಮುಗಿಯುತ್ತದೆ.

ನಿಮ್ಮ ಕಾಲದ ಅಣೆಕಟ್ಟಿನ ಹಿನ್ನೀರು ಹೂಳು ತುಂಬಿ ಬಯಲಾಗಿದೆ. ಅದೇ ಹೂಳುಬಯಲು. ಮೇಲೆ ರೊಟ್ಟಿಯಂತೆ ಒಣಗಿದ ಪದರ, ಒಳಗೆ ಕೆಸರು. ಧೂಳು ಬೀಳದಂತೆ ಹಂಡೆಗಳ ಬಾಯಿಗೆ ಒದ್ದೆ ಬಟ್ಟೆ ಕಟ್ಟುತ್ತೇವೆ. ಉಣ್ಣುವಾಗ ಎಲ್ಲರೂ ಗಾಳಿಗೆ ಬೆನ್ನು ಕೊಟ್ಟು ಒಂದೇ ಸಾಲಿನಲ್ಲಿ ಕೂರುವುದರಿಂದ ಎದುರಿನವರ ಮುಖ ನೋಡುತ್ತ ಉಣ್ಣುವ ಅಭ್ಯಾಸ ನಮಗಿಲ್ಲ. ಆಚೆ ದಡಕ್ಕೆ ಸುತ್ತು ದಾರಿ ಹಿಡಿದರೆ ತಿಂಗಳು ಬೇಕು. ನೇರ ಹೊರಟ ಹಾಯಿಗಾಡಿಗಳು ಗಾಳಿಯಷ್ಟೇ ವೇಗದಲ್ಲಿ ಹೋಗಿ ನಡುವೆ ಮುಳುಗಿದವು. ಗಾಳಿಯನ್ನೂ ಮೀರಿಸುವ ಗಾಡಿಯಷ್ಟೇ ಆ ಪದರ ಒಡೆಯುವ ಮೊದಲು ದಾಟೀತು.

ಅಂಥದೊಂದನ್ನು ನನ್ನ ಮಗಳು ನೀಲವ್ವ ಕಟ್ಟಿದ್ದಾಳೆ, ನಿಮ್ಮ ಕಾಲೇಜಿನ ಪ್ರಾಜೆಕ್ಟಿನ ಚಿತ್ರ ನೋಡಿ. ನಾನು ಅವಳ ಸಂಶಯಗಾರ. ಹೊಸದೇನಾದರೂ ಕಟ್ಟಿದರೆ ಕಟ್ಟಿದವರ ಮನೆಯವರೇ ಅದನ್ನು ಶಂಕಿಸಬೇಕು, ಅವರು ಒಪ್ಪದೆ ಅದು ಅಂಗಳ ದಾಟಬಾರದು. ಹೊರಗಿನವರ ಸಂಶಯಕ್ಕೆ ಇಲ್ಲಿ ಬೆಲೆಯಿಲ್ಲ. ಅವರು ಕಳೆದುಕೊಳ್ಳುವುದೇನೂ ಇರುವುದಿಲ್ಲ.

ನಿಮ್ಮ ಕಾಲದ ಚಿತ್ರಗಳನ್ನು ನಾವು ನಂಬುವುದಿಲ್ಲ. ನಡೆಯದ್ದನ್ನೂ ನಡೆದಂತೆ ತೋರಿಸುವುದು ನಿಮಗೆ ಸಲೀಸಾಗಿತ್ತು. ಅದರಲ್ಲೂ ಈ ಗಾಡಿ: ಚಕ್ರ ಫ್ಯಾನನ್ನು ತಿರುಗಿಸುತ್ತದೆ, ಫ್ಯಾನು ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಅದರಿಂದ ಚಕ್ರ ಇನ್ನೂ ಜೋರಾಗಿ ಉರುಳುತ್ತದೆ. ತಾನು ಕೂತ ಬುಟ್ಟಿಯನ್ನು ತಾನೇ ಎತ್ತಿಕೊಂಡಂತೆ. ನಿಮ್ಮ ಮೇಷ್ಟರಿಗೂ ಅನುಮಾನ. "ಬ್ಯಾಟರಿ ಎಲ್ಲಿ ಮುಚ್ಚಿಟ್ಟೀರಿ, ಹೇಳ್ರಲೇ!" ಎನ್ನುತ್ತಾರೆ. "ಬ್ಯಾಟರಿ ನನ್ನ ಮೊಬೈಲ್‌ನ್ಯಾಗಷ್ಟೇ ಐತ್ರಿ ಸರ್, ಅದೂ ಸತ್ತೈತಿ" ಎಂದು ನೀವು ನಗುತ್ತೀರಿ.

ಗಾಡಿ ಹೊರಡುತ್ತದೆ. ಮೂತಿಗೆ ಕಟ್ಟಿದ ಕೆಂಪು ದಾರ ಹಿಂದಿನಿಂದ ಬೀಸುವ ಗಾಳಿಗೆ ಮುಂದಕ್ಕೆ ಹಾರುತ್ತಿದೆ. ಆಮೇಲೆ ಚಿತ್ರ ಒಮ್ಮೆಲೇ ತಿರುಗಿ ನೆಲವಷ್ಟೇ ಕಾಣುತ್ತದೆ: ಕಲ್ಲು, ಚಪ್ಪಲಿ, ಓಡುವ ಕಾಲುಗಳು. ಕ್ಯಾಮೆರಾ ಮತ್ತೆ ಎದ್ದಾಗ ದಾರ ಹಿಂದಕ್ಕೆ ಹಾರುತ್ತಿದೆ. ಗಾಡಿ ಗಾಳಿಯನ್ನು ದಾಟಿದೆ. ಹೇಗೆ ದಾಟಿತು ಎಂಬುದಕ್ಕೆ ಆ ನೆಲವೊಂದೇ ಸಾಕ್ಷಿ.

"ನೂಕಿದ್ದಾರೆ" ಎಂದೆ.

"ಖುಷಿಗೆ ಕುಣಿಯಾಕ ಹತ್ಯಾರಪ್ಪ, ಅದಕ್ಕ ಕ್ಯಾಮೆರಾ ಬಿದ್ದೈತಿ" ಎಂದಳು ನೀಲವ್ವ. "ನಿನಗ ಕುಣಿಯೋ ಕಾಲು ಯಾವು, ಓಡೋ ಕಾಲು ಯಾವು ಗೊತ್ತಾಗೂದಿಲ್ಲೇನು?"

ನನಗೆ ಗೊತ್ತಾಗುವುದಿಲ್ಲ. ಆ ಕಾಲುಗಳನ್ನು ಎಷ್ಟು ಸಲ ನೋಡಿದರೂ ಗೊತ್ತಾಗಲಿಲ್ಲ. ಇಲ್ಲಿ ಅಂಗಳದಲ್ಲಿ ಅವಳ ಗಾಡಿಯನ್ನು ಓಡಿಸಿ ನೋಡುವಷ್ಟು ಜಾಗವಿಲ್ಲ. ಪರೀಕ್ಷೆಯೂ ಪ್ರಯಾಣವೂ ಒಂದೇ. ಅದರಲ್ಲಿ ಇರುವುದು ಒಬ್ಬರೇ ಕೂರುವ ಜಾಗ. ಈಗಾಗಲೇ ಅವಳು ಅದರ ಮೂತಿಗೆ ನನ್ನ ಪಂಚೆಯ ಅಂಚಿನಿಂದ ಹರಿದ ಪಟ್ಟಿ ಕಟ್ಟಿ, ಸೆರಗು ಬಿಗಿದುಕೊಂಡು ಕೂತಿದ್ದಾಳೆ. ಗಾಳಿ ಆಚೆ ದಡದ ಕಡೆಗೆ ಜೋರಾಗಿದೆ, ಬಯಲಿನ ಆಚೆ ಧೂಳು ಏಳುತ್ತಿದೆ. ಇಂದೇ ನಾನು ಹೂಂ ಎನ್ನಬೇಕು, ಇಲ್ಲವೇ ಊಹೂಂ.

ಕ್ಯಾಮೆರಾ ನೆಲ ನೋಡುತ್ತಿದ್ದಾಗ, ಸ್ಫೂರ್ತಿ, ನೀವೆಲ್ಲ ಕುಣಿಯುತ್ತಿದ್ದಿರೋ, ನೂಕುತ್ತಿದ್ದಿರೋ?