ಬಿರಡೆಯ ಮೇಲಿನ ಕೈ

ಮಾರ್ಚ್ 3, ಮಂಗಳವಾರ

ಇಂದೂ ಅದೇ ಕತೆ. ಸಂಜೆಯ ತರಗತಿ. ಎರಡೂ ಪಿಟೀಲುಗಳ ಬಿರಡೆ ತಿರುಚಿ, ತಂತಿಗಳ ಶ್ರುತಿ ಸೇರಿಸಿ ಅವರವರ ಕೈಗಿಟ್ಟೆ, ಪಾಠ ಮಾಡಿದೆ, ತಲೆ ಕೆಡಿಸಿಕೊಂಡು ಮನೆಗೆ ಬಂದೆ.

ಸಂಗೀತ ಕಾಲೇಜಿನಲ್ಲಿ ಈವರೆಗೆ ಮೊದಲ ಸ್ಥಾನವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಕೊನೆಯ ಪರೀಕ್ಷೆ ಬೋಧನೆಯದು. ನಾವು ತಲೆಗೆ ಇಬ್ಬರು ಹವ್ಯಾಸಿಗಳಿಗೆ ಕಲಿಸಬೇಕು. ನನ್ನ ಪಾಲಿಗೆ ಒಬ್ಬ ನರ್ಸ್, ಒಬ್ಬ ಬಸ್ ಡ್ರೈವರ್. ಏಪ್ರಿಲ್ 11ಕ್ಕೆ ಅವರಿಬ್ಬರೇ ವೇದಿಕೆಯಲ್ಲಿ ಒಂದು ಕೃತಿ ನುಡಿಸಬೇಕು. ನಾನು ಹತ್ತುವಂತಿಲ್ಲ. ಅವರು ನುಡಿಸಿದಂತೆ ನನಗೆ ಅಂಕ.

ಸಭೆಗೆ ತಮ್ಮನ್ನು ಪರಿಚಯಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಸಿದೆ. 'ನಾನು ಪಿಟೀಲುವಾದಕಿ' ಎನ್ನಲು ನರ್ಸ್‌ಗೆ ನಾಲಿಗೆಯೇ ಏಳಲಿಲ್ಲ.

"ಅಯ್ಯೋ, ನಾನೆಂಥ ವಾದಕಿ! ಡ್ಯೂಟಿ ಮುಗಿಸ್ಕೊಂಡು ಸುಮ್ನೆ ಬರೋಳು."

ಡ್ರೈವರ್: "ನಂದು ಹಿಂಗಿಟ್ಕೊಳಿ ಮೇಡಂ. ಹಗಲು ಬಸ್ ಓಡಿಸ್ತಾನೆ, ಸಂಜೆ ಪಿಟೀಲು ಕುಯ್ತಾನೆ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮಾರ್ಚ್ 6, ಶುಕ್ರವಾರ

'ನಾವು ಸಂಗೀತಗಾರರು' — ಪಾಠಕ್ಕೆ ಮೊದಲು ಗಟ್ಟಿಯಾಗಿ ಹೇಳಿಸಿದೆ. ಮತ್ತೆ ಮತ್ತೆ. ಡ್ರೈವರ್ ಕೈಕಟ್ಟಿ ನಿಂತು, ಶಾಲೆಯ ಮಗ್ಗಿಯ ರಾಗದಲ್ಲಿ ಒಪ್ಪಿಸಿದ. ನರ್ಸ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಊಟದ ಹೊತ್ತಿಗೆ ಅಮ್ಮನ ಬಳಿ ದೂರಿದೆ. "ನೀನು ಪಾಠ ಹೇಳ್ತಿದೀಯೋ, ಕಳ್ಳರ ಹತ್ರ ತಪ್ಪು ಒಪ್ಪಿಸ್ತಿದೀಯೋ?" ಎಂದಳು. ಈ ಮನೆಯಲ್ಲಿ ಯಾರಿಗೂ ಏನೂ ಅರ್ಥವಾಗುವುದಿಲ್ಲ.

ಮಾರ್ಚ್ 13, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಆದರೂ...

'ನಾವು ಸಂಗೀತಗಾರರು' ಎಂದು ಹೇಳಿಸುತ್ತಿದ್ದಾಗಲೇ ವಿಭಾಗದ ಮುಖ್ಯಸ್ಥರು ತರಗತಿಗೆ ಬಂದರು. ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ಅವರಿಬ್ಬರಿಗೆ, "ಶ್ರುತಿ ಮಾಡ್ಕೊಳ್ಳಿ, ಕೇಳೋಣ" ಎಂದರು. ಇಬ್ಬರೂ ತಿರುಗಿ ನನ್ನನ್ನು ನೋಡಿದರು.

"ಅದನ್ನ ಮೇಡಂ ಮಾಡ್ಕೊಡ್ತಾರೆ ಸರ್," ಎಂದಳು ನರ್ಸ್. "ಬಿರಡೆ ಮುಟ್ಟಿದ್ರೆ ತಂತಿ ಕಿತ್ತೋಗತ್ತೆ, ಮುಟ್ಬೇಡಿ ಅಂದಿದಾರೆ."

ಅಂದಿದ್ದೆ. ಮೊದಲ ದಿನವೇ.

ಹೊರಗೆ ಪಡಸಾಲೆಯಲ್ಲಿ ಮುಖ್ಯಸ್ಥರು ಮೆಲ್ಲಗೇ ಹೇಳಿದರು: "ಏನಮ್ಮಾ ಫಸ್ಟ್ ರ‍್ಯಾಂಕು, ವಾದ್ಯ ಅವರದ್ದು, ಬಿರಡೆ ಮಾತ್ರ ನಿಂದಾ? ಬಾಡಿಗೆ ಮನೇಲಿರೋರ ಹತ್ರ 'ನಾವೇ ಯಜಮಾನ್ರು' ಅಂತ ಹೇಳಿಸ್ತಿದೀಯಲ್ಲ."

ಇರುವುದು ಒಂದು ಗಂಟೆಯ ತರಗತಿ. ಇವರಿಬ್ಬರು ಬಿರಡೆ ತಿರುಚುತ್ತ ಕುಳಿತರೆ ನುಡಿಸುವುದು ಯಾವಾಗ? ಸಮಯ ಉಳಿಸಿದ್ದು ಅಪರಾಧವೇ? ಹೀಗೆಲ್ಲ ಉತ್ತರ ಕೊಡಬಹುದಿತ್ತು. "ಸರಿ ಸರ್" ಎಂದು ಒಳಗೆ ಹೋದೆ.

ಮಾರ್ಚ್ 17, ಮಂಗಳವಾರ

ಬಿರಡೆ ಅವರ ಕೈಗೇ ಬಿಟ್ಟೆ. ನರಕ. ಸ್ವರ ಮೇಲೇರುತ್ತದೆ, ಜಾರುತ್ತದೆ, ಮತ್ತೆ ಏರುತ್ತದೆ. ನನ್ನ ಹಲ್ಲುಗಳು ಜುಮ್ಮೆನ್ನುತ್ತವೆ. ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡು ಕುಳಿತೆ. ನರ್ಸ್‌ನ ತಂತಿಯೊಂದು ಟಪ್ಪೆಂದು ಹರಿಯಿತು.

"ಇಂಜೆಕ್ಷನ್ ಕೊಡೋ ಕೈ ಮೇಡಂ ಇದು, ಒಂದಿನಾನೂ ನಡುಗಿಲ್ಲ. ನೋಡಿ ಇವತ್ತು!"

"ಪೇಷೆಂಟ್ ಹೋಗ್ಬಿಟ್ರಾ ಸಿಸ್ಟರ್?" ಎಂದ ಡ್ರೈವರ್.

ಕೃತಿಯ ಒಂದು ಸಾಲೂ ನುಡಿಸದೆ ತರಗತಿ ಮುಗಿಯಿತು.

ಏಪ್ರಿಲ್ 3, ಶುಕ್ರವಾರ

ತರಗತಿಗೆ ಬೇಗ ಹೋದೆ. ಅವರು ನನಗಿಂತ ಮೊದಲೇ ಬಂದಿದ್ದರು. ಒಳಗೆ ಜಗಳ.

"ಅಣ್ಣಾ, ನಿಮ್ ಶ್ರುತಿ ಏರಿದೆ."

"ನಂದು ಸರಿಯಿದೆ. ನಿಮ್ಮ ಕಿವಿಗೇ ಡ್ರಾಪ್ಸ್ ಹಾಕ್ಬೇಕು."

"ಇನ್ನೊಂದ್ಸಲ ಮೀಟಿ. ಕೇಳ್ತಾ? ಏರಿದೆ."

ಏರಿತ್ತು. ನರ್ಸ್ ಹೇಳಿದ್ದೇ ಸರಿ. ಹೇಳಲು ಬಾಯಿ ತೆರೆದು ಒಳಹೊಕ್ಕರೆ — ಯಾರೂ ನನ್ನತ್ತ ನೋಡಲೂ ಇಲ್ಲ! ಸಂತೋಷವಾಗಬೇಕಿತ್ತು. ಸಿಟ್ಟು ಬಂತು.

ಅಲ್ಲದೆ ಕೃತಿಯ ಕೊನೆಯ ಭಾಗ ಇನ್ನೂ ಕುಂಟುತ್ತಿದೆ. ಮೊದಲಿನಂತೆಯೇ ನಡೆಸಿದ್ದರೆ ಇಷ್ಟು ಹೊತ್ತಿಗೆ ಅಚ್ಚುಕಟ್ಟಾಗಿರುತ್ತಿತ್ತು. ಮೊದಲ ಸ್ಥಾನ ಕೈತಪ್ಪಿದರೆ ಮುಖ್ಯಸ್ಥರು ತಂದುಕೊಡುವರೇ?

ಏಪ್ರಿಲ್ 11, ಶನಿವಾರ. ಸಂಜೆ, ವೇದಿಕೆಯ ಪಕ್ಕದ ಕೋಣೆ

ಕೈಗೆ ಕೆಲಸ ಬೇಕೆಂದು ಬರೆಯುತ್ತಿದ್ದೇನೆ. ಇಲ್ಲವಾದರೆ ಅದು ಅವರ ಬಿರಡೆಯ ಮೇಲಿರುತ್ತಿತ್ತು. ನರ್ಸ್‌ನ ಎರಡನೆಯ ತಂತಿ ಕೂದಲೆಳೆಯಷ್ಟು ಇಳಿದಿದೆ. ಕೈಚಾಚಿದೆ. ಅವಳು ಪಿಟೀಲನ್ನು ಎದೆಗವಚಿಕೊಂಡು, "ನಾನ್ ನೋಡ್ಕೋತೀನಿ ಮೇಡಂ" ಎಂದು ಹೊರಟೇಬಿಟ್ಟಳು.

ಪರೀಕ್ಷಕರು ಮುಂದಿನ ಸಾಲಿನಲ್ಲಿದ್ದಾರೆ. ಪರದೆಯ ಅಂಚಿನಿಂದ ಎಲ್ಲವೂ ಕಾಣುತ್ತದೆ.

ಶುರುವಾಯಿತು. ಪರವಾಗಿಲ್ಲ. ಮೊದಲ ಸಾಲು ಚೆನ್ನಾಗಿಯೇ ಬಂತು. ನರ್ಸ್ ಎರಡನೆಯ ತಂತಿಗೆ ಬಂದಳು — ಇಳಿದಿದೆ, ಇನ್ನಷ್ಟು ಇಳಿದಿದೆ, ಬಿರಡೆ ಜಾರಿರಬೇಕು —

ನಿಲ್ಲಿಸಿದಳು. ನಡುವೆಯೇ!

ಸಭೆಯಲ್ಲಿ ಗುಸುಗುಸು. ಒಬ್ಬ ಪರೀಕ್ಷಕರು ಏನನ್ನೋ ಬರೆದುಕೊಂಡರು. ಹೋಯಿತು, ನನ್ನ ಅಂಕ ಹೋಯಿತು. ಎದ್ದು ನಿಂತಿದ್ದೇನೆ. ಒಂದೇ ಹೆಜ್ಜೆ, ಒಂದೇ ತಿರುವು, ಸರಿಮಾಡಿ ಬಂದುಬಿಡಬಹುದು. ಅವಳು ಇತ್ತ ನೋಡಿದರೆ ಹೋಗಿಯೇಬಿಡುತ್ತೇನೆ.

ನೋಡುತ್ತಿಲ್ಲ. ಕಿವಿಯನ್ನು ತಂತಿಗೆ ಬಗ್ಗಿಸಿದ್ದಾಳೆ. ಡ್ರೈವರ್ ಕಮಾನು ಕೆಳಗಿಳಿಸಿ, ಸಭೆಗೆ ಗಟ್ಟಿಯಾಗಿ ಹೇಳುತ್ತಿದ್ದಾನೆ:

"ಒಂದ್ನಿಮಿಷ. ಶ್ರುತಿ ಸೇರ್ಲಿ, ಆಮೇಲೆ ನುಡಿಸ್ತೀವಿ."

ಬಿರಡೆ ತಿರುಗುತ್ತಿದೆ. ಏರುತ್ತಿದೆ... ಇನ್ನೂ... ಇನ್ನೊಂದೇ ಎಳೆ, ಅಕ್ಕಾ, ಇನ್ನೊಂದೇ —