ಎಂಟು ವಾರದ ಎಂಟು ಸೊನ್ನೆ

ಪ್ರೀತಿಯ ಫರಹತ,

ಈ ಪತ್ರವನ್ನು ನಿನ್ನ ಗೆಳತಿ ವಿದ್ಯಾಳ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿಮ್ಮ ತಾಯಿ ಮಾಬೂಬಿಯವರೇ ಎತ್ತಿದರು. "ಆಕಿ ಫೋನಿಗೆ ಬರಂಗಿಲ್ಲ ಅಂತಾಳ್ರಿ ಮೇಡಂ. ಪರೀಕ್ಷಾಕ್ಕ ಕೂಡಸಂಗಿಲ್ಲ ಅಂದಮ್ಯಾಲ ಕಾಲೇಜ್ ಯಾಕ ಅಂತಾಳ. ಏನಾಗೇತಿ ಅಂದ್ರ ಬಾಯಿನ ಬಿಡವಲ್ಲಳು" ಎಂದರು. ನೀನು ಪಕ್ಕದಲ್ಲೇ ಕುಳಿತು ಎಲ್ಲ ಕೇಳುತ್ತಿದ್ದೆ ಎಂದು ನನ್ನ ಅನುಮಾನ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರಕ್ಕೆ "ಆಕಿ ಬರಂಗಿಲ್ರಿ" ಎಂದು ಹೇಳಿಸುವಂತಿಲ್ಲ.

ಸುತ್ತು ಬಳಸಿ ಹೇಳುವುದು ನನಗೆ ಬರುವುದಿಲ್ಲ. ತಪ್ಪು ನನ್ನದು. ನಿನ್ನದೂ ಅಲ್ಲ, ವಿದ್ಯಾಳದೂ ಅಲ್ಲ.

ನಮ್ಮ ಸಿವಿಲ್ ವಿಭಾಗಕ್ಕೆ ಈ ಫ್ಲಿಪ್ಡ್ ಕ್ಲಾಸ್‌ರೂಮ್ ತಂದವಳು ನಾನೇ. ಪಾಠದ ವಿಡಿಯೊ ಮೊದಲೇ ನೋಡಿಕೊಂಡು ಬರುವುದು, ತರಗತಿಯಲ್ಲಿ ಲೆಕ್ಕ ಬಿಡಿಸುವುದು, ಪ್ರಶ್ನೆ ಕೇಳುವುದು, ಜಗಳಾಡುವುದು. ನಮ್ಮ ಮುಖ್ಯಸ್ಥರಾದ ನೀಲಕಂಠಪ್ಪ ಸರ್ ಮೂವತ್ತು ವರ್ಷ ಚಾಕ್‌ಪೀಸು ಸವೆಸಿದವರು. ಕೇಳಿ ನಕ್ಕುಬಿಟ್ಟರು. "ಪಾಠ ಮನ್ಯಾಗ, ಹೋಮ್‌ವರ್ಕ್ ಕ್ಲಾಸಿನ್ಯಾಗ. ಉಂಡು ಕೈ ತೊಳಕೊಂಡ ಮ್ಯಾಲ ಒಲಿ ಹಚ್ಚಿದಂಗಾತಲ್ರಿ ಭಾಗ್ಯಶ್ರೀ! ಇರಲಿ, ಒಂದ್ ಸೆಮಿಸ್ಟರ್ ಮಾಡಿ ನೋಡ್ರಿ. ಹುಡುಗೂರ್ ಕೆಟ್ರ ಮಾತ್ರ ನಾ ಸುಮ್ನಿರಂಗಿಲ್ಲ" ಎಂದಿದ್ದರು. ಆ ನಗೆಗೆ ನನಗೆ ಹಟ ಹತ್ತಿತು. ಸಪ್ತಾಪುರದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ವಾರಕ್ಕೊಂದು ವಿಡಿಯೊ ಮಾಡಿದೆ. ತೊಲೆಯ ಮೇಲಿನ ಭಾರದ ಪಾಠದಲ್ಲಿ ಪಕ್ಕದ ಮನೆಯ ಕುಕ್ಕರ್ ಮೂರು ಸೀಟಿ ಹೊಡೆದಿದೆ. ತೆಗೆಯಲು ಬರಲಿಲ್ಲ, ಹಾಗೇ ಬಿಟ್ಟೆ.

ನಿಯಮಗಳೂ ನನ್ನವೇ. ಯಾರು ವಿಡಿಯೊ ತೆರೆದಿದ್ದಾರೆ ಎಂಬ ಪಟ್ಟಿ ಕಂಪ್ಯೂಟರಿನಲ್ಲಿ ಬರುತ್ತಿತ್ತು. ತೆರೆದವರಿಗೆ ಆಂತರಿಕ ಅಂಕ, ತೆರೆಯದವರಿಗೆ ಸೊನ್ನೆ. ಅಂಥವರು ತರಗತಿಯ ಹೊತ್ತಿನಲ್ಲಿ ಪಕ್ಕದ ಲ್ಯಾಬಿನಲ್ಲಿ ಕುಳಿತು ವಿಡಿಯೊ ನೋಡಬೇಕು. ಒಬ್ಬರ ಲಾಗಿನ್‌ನಲ್ಲಿ ಇನ್ನೊಬ್ಬರು ನೋಡಿದರೆ ಇಬ್ಬರಿಗೂ ಸೊನ್ನೆ. ಇದನ್ನು ಬರೆದಾಗ ಬಲು ಜಾಣೆ ಎಂದುಕೊಂಡಿದ್ದೆ.

ಪಟ್ಟಿಯಲ್ಲಿ ನಿನ್ನ ಹೆಸರು ಒಂದು ವಾರವೂ ಬರಲಿಲ್ಲ. ಎಂಟು ವಾರ ನಿನ್ನನ್ನು ಲ್ಯಾಬಿಗೆ ಅಟ್ಟಿದೆ. ಮೂರನೆಯ ವಾರ ಅರವತ್ತು ಜನರ ಮುಂದೆ ನಿನ್ನನ್ನು ನಿಲ್ಲಿಸಿ, "ಇಪ್ಪತ್ ನಿಮಿಷದ ವಿಡಿಯೊ ನೋಡಾಕ ಆಗಂಗಿಲ್ಲಂದ್ರ ನಿನಗ ಇಂಜಿನಿಯರಿಂಗ್ ಯಾಕ ಬೇಕಾಗಿತ್ತವಾ?" ಎಂದೆ. ಹಿಂದಿನ ಬೆಂಚಿನವರು ನಕ್ಕರು. ನೀನು ವಿದ್ಯಾಳ ಕಡೆ ನೋಡಿದೆ. ಉಳಿಸು ಎಂದು ಕಣ್ಣಲ್ಲೇ ಕೇಳುತ್ತಿದ್ದೀ ಎಂದುಕೊಂಡೆ. ನೀನು ಅವಳಿಗೆ ಸುಮ್ಮನಿರು ಎಂದು ಹೇಳುತ್ತಿದ್ದೆಯಂತೆ.

ಪರೀಕ್ಷೆಗೆ ಅರ್ಹರಲ್ಲದವರ ಪಟ್ಟಿಯಲ್ಲಿ ನಿನ್ನ ಹೆಸರು ಬಂತು, ಮರುದಿನದಿಂದ ನೀನು ಬರಲಿಲ್ಲ. ಓದುವ ಮನಸ್ಸಿಲ್ಲದವಳು ಹೋದಳು ಎಂದುಕೊಂಡು ನಾನು ಚಹಾ ಕುಡಿಯಲು ಹೋದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಕಳೆದ ಬುಧವಾರ ನನ್ನ ಸ್ಕೂಟರ್ ಕೈಕೊಟ್ಟಿತು. ಜುಬಿಲಿ ಸರ್ಕಲ್‌ನಲ್ಲಿ ಕಾಲೇಜಿನ ಕಡೆ ಹೋಗುವ ಚಿಗರಿ ಬಸ್ ಹತ್ತಿದೆ. ಕಿಟಕಿಯ ಪಕ್ಕ ವಿದ್ಯಾ ಕುಳಿತಿದ್ದಳು. ಅವಳ ಫೋನಿನ ವಿಡಿಯೊದಲ್ಲಿ ನಾನು ಅರ್ಧ ಬಾಯಿ ತೆರೆದು ನಿಂತುಬಿಟ್ಟಿದ್ದೆ. "ಯಾಕವಾ, ನೆಟ್ ಇಲ್ಲೇನು?" ಎಂದೆ. ಅವಳು, "ಐತ್ರಿ. ಇಂಥಲ್ಲಿ ಫರಹತ ನಿಲ್ಲಸತಿದ್ಲರಿ. 'ಮೇಡಂ ಹೇಳೂಕಿಂತ ಮೊದಲ ನೀ ಹೇಳು, ಈ ತೊಲಿ ಎಲ್ಲಿ ಬಗ್ಗತೈತಿ?' ಅಂತಿದ್ಲು. ತಪ್ಪು ಹೇಳಿದ್ರ ರಾಯಾಪುರ ಸ್ಟಾಪ್ ಬರೂತನಾ ಬಿಡತಿದ್ದಿಲ್ಲ. ಆಕಿ ಇಲ್ದ ನನಗ ಮುಂದ ಹೋಗಂಗಿಲ್ರಿ" ಎಂದವಳು ಬಸ್ಸಿನಲ್ಲೇ ಅತ್ತುಬಿಟ್ಟಳು.

ಆಮೇಲೆ ಎಲ್ಲ ಹೊರಬಿತ್ತು. ಗಿರಾಕಿಗಳಿಂದ ರವಿಕೆಯ ನಮೂನೆಗಳು ದಿನವಿಡೀ ಬರುತ್ತಿರುತ್ತವೆ ಎಂದು ನಿಮ್ಮ ಮನೆಯ ಒಂದೇ ಫೋನ್ ತಾಯಿಯ ಹೊಲಿಗೆ ಯಂತ್ರದ ಹತ್ತಿರವೇ ಇರುತ್ತದೆ. ಹೀಗಾಗಿ ಇಬ್ಬರೂ ಬಸ್ಸಿನಲ್ಲಿ ಒಂದೇ ಫೋನಿನಲ್ಲಿ ನೋಡುತ್ತಿದ್ದಿರಿ. ಲಾಗಿನ್ ವಿದ್ಯಾಳದು. ಹೇಳಿದರೆ ಅವಳ ಅಂಕವೂ ಹೋಗುತ್ತದೆ ಎಂದು ನೀನು ಅವಳಿಂದ ಆಣೆ ಹಾಕಿಸಿಕೊಂಡಿದ್ದೆ.

ಫರಹತ, ಮಕ್ಕಳು ತಾವೇ ಪಾಠ ನಿಲ್ಲಿಸಬೇಕು, ಒಬ್ಬರನ್ನೊಬ್ಬರು ಕೇಳಬೇಕು, ತಪ್ಪಿ ಕಲಿಯಬೇಕು ಎಂದು ನಾನು ಊರೂರಿನ ಸೆಮಿನಾರ್‌ಗಳಲ್ಲಿ ಭಾಷಣ ಮಾಡಿದವಳು. ಅದು ನಮ್ಮ ಕಾಲೇಜಿನಲ್ಲಿ ಖರೇ ನಡೆದದ್ದು ಚಿಗರಿ ಬಸ್ಸಿನ ಒಂದು ಸೀಟಿನಲ್ಲಿ ಮಾತ್ರ. ಅದನ್ನು ನಡೆಸಿದವಳ ಕಿವಿಗೆ ನಾನು ಹೆಡ್‌ಫೋನ್ ಹಾಕಿಸಿ ಲ್ಯಾಬಿನಲ್ಲಿ ಒಬ್ಬಳನ್ನೇ ಕೂಡಿಸಿದೆ.

ಅವತ್ತೇ ಎಲ್ಲವನ್ನೂ ಬರೆದು ನೀಲಕಂಠಪ್ಪ ಸರ್ ಮುಂದೆ ಇಟ್ಟೆ. 'ನಾ ಹೇಳಿದ್ದಿಲ್ಲೇನು' ಎಂಬ ಮಾತಿಗೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಓದಿ, ಕನ್ನಡಕ ತೆಗೆದು, "ಆ ಹುಡುಗಿ ಈಗೆಲ್ಲಿ ಅದಾಳ್ರಿ?" ಎಂದರು. ನನಗೆ ಗೊತ್ತಿರಲಿಲ್ಲ. "ನಿಮ್ಮ ಪದ್ಧತಿ ಛಲೋನೋ ಕೆಟ್ಟೋ ಆಮ್ಯಾಲ ನೋಡೂಣು. ಮೊದಲ ಆಕಿನ್ನ ಕರಕೊಂಡು ಬರ್ರಿ" ಎಂದರು.

ಈಗ ಮುಖ್ಯ ವಿಷಯ. ಅಂಕವನ್ನು ಪುಕ್ಕಟೆ ಕೊಡಲು ಬರುವುದಿಲ್ಲ, ನೀನು ಇಸಿದುಕೊಳ್ಳುವವಳೂ ಅಲ್ಲ. ಗುರುವಾರ ಹನ್ನೊಂದಕ್ಕೆ ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತೋರಿಸಬೇಕು. ಸರ್ ಬಂದು ಕೂಡುತ್ತಾರೆ. ಗೆದ್ದರೆ ಆ ಎಂಟು ಸೊನ್ನೆಗಳು ಹೋಗಿ ಪರೀಕ್ಷೆಗೆ ಹೆಸರು ಸೇರುತ್ತದೆ. ಶುಕ್ರವಾರ ಕೊನೆಯ ದಿನ, ಅದು ದಾಟಿದರೆ ನನ್ನ ಕೈಯಲ್ಲಿ ಏನೂ ಇಲ್ಲ, ಒಂದು ವರ್ಷ ಹೋದಂತೆ. ವಿದ್ಯಾಳ ಅಂಕವನ್ನು ಯಾರೂ ಮುಟ್ಟುವುದಿಲ್ಲ. ಲಾಗಿನ್ನಿನ ನಿಯಮ ತೆಗೆದುಹಾಕಿದ್ದೇನೆ. ಇನ್ನು ಇಬ್ಬರು ಕೂಡಿ ನೋಡಿದರೆ ಇಬ್ಬರ ಹೆಸರೂ ಬರೆದರಾಯಿತು. ಸೋಮವಾರ ಅದೇ ಅರವತ್ತು ಜನರ ಮುಂದೆ ನಿಂತು ನಾನು ಮಾಡಿದ್ದನ್ನು ಹೇಳಿದೆ. ನಿನ್ನನ್ನು ಬೈದಾಗ ಎಷ್ಟು ದೊಡ್ಡ ದನಿ ತೆಗೆದಿದ್ದೆನೋ ಅಷ್ಟೇ ದೊಡ್ಡ ದನಿಯಲ್ಲಿ. ಯಾರೂ ನಗಲಿಲ್ಲ.

ನಿನ್ನೆ ವಿದ್ಯಾ ತನ್ನ ನೋಟ್‌ಬುಕ್ ತಂದುಕೊಟ್ಟಳು. ನಾಲ್ಕನೆಯ ವಾರದ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ನೀನು ಬರೆದಿದ್ದೀಯ: "ಇಲ್ಲೆ ಮೇಡಂ ಮೈನಸ್ ಹಾಕಬೇಕಾಗಿತ್ತು, ಪ್ಲಸ್ ಹಾಕ್ಯಾರ. ಕ್ಲಾಸಿನ್ಯಾಗ ಹೇಳಬ್ಯಾಡ. ಎಲ್ಲಾರ ಮುಂದ ಅವರಿಗೆ ನಾಚಿಕಿ ಆಗತೈತಿ, ಪಾಪ."

ವಿಡಿಯೊ ತೆಗೆದು ನೋಡಿದೆ. ಖರೇ, ತಪ್ಪಾಗಿದೆ. ಅರವತ್ತು ಜನ ನೋಡಿದ್ದಾರೆ, ನಾನು ಹತ್ತು ಸಲ ನೋಡಿದ್ದೇನೆ, ಯಾರಿಗೂ ಕಂಡಿಲ್ಲ. ತಪ್ಪು ಕಂಡದ್ದಕ್ಕಿಂತ ನೀನು ಅದನ್ನು ಯಾವಾಗ ಬರೆದೆ ಎಂಬುದೇ ನನ್ನನ್ನು ಕೂಡಗೊಡುತ್ತಿಲ್ಲ. ನಾನು ಎಲ್ಲರ ಮುಂದೆ ನಿನ್ನ ಮಾನ ತೆಗೆದು ಇನ್ನೂ ಒಂದು ವಾರ ಕಳೆದಿರಲಿಲ್ಲ.

ಗುರುವಾರ ಬಾ. ಆ ಲೆಕ್ಕವನ್ನೇ ಬೋರ್ಡಿಗೆ ಹಾಕು. ಆ ಪ್ಲಸ್ ಅಳಿಸಿ ಮೈನಸ್ ಬರೆ, ಎಲ್ಲರ ಮುಂದೆ, ನನ್ನ ಹೆಸರು ಹೇಳಿಯೇ ಬರೆ. ನಾನು ಮೊದಲ ಬೆಂಚಿನಲ್ಲಿ ಕುಳಿತು ಬರೆದುಕೊಳ್ಳುತ್ತೇನೆ.

ಬೋರ್ಡಿನ ಮುಂದೆ ನಿನ್ನ ಲೆಕ್ಕ ತಪ್ಪದಿರಲಿ. ನಿನ್ನ ಕಲಿಕೆಗೆ ನನ್ನಂಥವರು ಮತ್ತೆ ಅಡ್ಡ ಬರದಿರಲಿ.

ದಾರಿ ಕಾಯುತ್ತಿರುವ ನಿನ್ನ ಮೇಡಂ,
ಭಾಗ್ಯಶ್ರೀ